ಮನೆ ಯಾರದು, ನೆಂಟರು ಯಾರು: ಬ್ಲ್ಯಾಕ್ ಮೆಟಲ್ ಸೂಪರ್‌ಗ್ರೂಪ್ ಕೇಳುವುದು ಹೇಗೆ

ಮೊದಲು ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ತಗೊಳ್ಳಿ. ಪೆನ್ ಬೇಡ. ಬ್ಲ್ಯಾಕ್ ಮೆಟಲ್ ಅಂದರೆ ಹೆವಿ ಮೆಟಲ್ ಸಂಗೀತದ ಒರಟು, ಕತ್ತಲಿನ ಕವಲು; ಸೂಪರ್‌ಗ್ರೂಪ್ ಅಂದರೆ ಬೇರೆ ಬೇರೆ ಬ್ಯಾಂಡ್‌ನವರು ಸೇರಿ ಕಟ್ಟಿದ ಹೊಸ ಬ್ಯಾಂಡ್. ಬ್ಲ್ಯಾಕ್ ಮೆಟಲ್‌ನಲ್ಲಿ ಯಾರು ಯಾವ ಬ್ಯಾಂಡ್‌ನಲ್ಲಿ ಏನು ನುಡಿಸಿದರು ಅಂತ ಬರೆಯಲು ಕೂತರೆ, ಬರೆದದ್ದಕ್ಕಿಂತ ಅಳಿಸಿದ್ದೇ ಜಾಸ್ತಿ ಆಗುತ್ತದೆ. ನನ್ನ ನೋಟ್‌ಬುಕ್‌ನಲ್ಲಿ ಫೆನ್ರಿಜ್ ಅನ್ನೋ ಡ್ರಮ್ಮರ್ ಹೆಸರಿನ ಸುತ್ತ ರಬ್ಬರ್ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿದೆ. ಬೆಳಕಿಗೆ ಹಿಡಿದರೆ ಹಿಂದಿನ ಪುಟದ ಅಕ್ಷರ ಕಾಣುತ್ತದೆ.

ಈ ನೋಟ್‌ಬುಕ್ ಶುರುವಾದದ್ದು ಒಂದು ಅವಮಾನದಿಂದ. ಆಗ ನಾನು ಈ ಸಂಗೀತಕ್ಕೆ ಹೊಸಬ. ಬೋರ್ಕ್‌ನಗರ್ ಅನ್ನೋ ಬ್ಯಾಂಡ್ ತುಂಬಾ ಹಿಡಿಸಿತ್ತು. ನನಗಿಂತ ಹತ್ತು ವರ್ಷ ದೊಡ್ಡವರೊಬ್ಬರಿದ್ದರು, ನಾವೆಲ್ಲ ಅಣ್ಣ ಅಂತ ಕರೆಯುತ್ತಿದ್ದೆವು. ಅವರ ಹತ್ತಿರ ಖುಷಿಯಿಂದ ಹೇಳಿಕೊಂಡೆ. "ಅದು ಸೂಪರ್‌ಗ್ರೂಪ್ ಕಣೋ. ಹೆಸರು ಮಾರಿಕೊಳ್ಳೋಕೆ ಮಾಡಿದ್ದು. ಐದು ಡೆಮೊ ಟೇಪ್ ಹೆಸರು ಹೇಳು ನೋಡೋಣ" ಅಂದರು. ಡೆಮೊ ಅಂದರೆ ಆಲ್ಬಮ್‌ಗೆ ಮೊದಲು ಬ್ಯಾಂಡ್‌ನವರೇ ಮಾಡಿ ಹಂಚುವ ಟೇಪ್. ನನಗೆ ಗೊತ್ತಿದ್ದದ್ದು ಎರಡು. ಅಲ್ಲಿದ್ದ ನಾಲ್ಕು ಜನ ನಕ್ಕರು. ನಾನು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಎದ್ದು ಬಂದೆ.

ಅವತ್ತು ರಾತ್ರಿ ಮಾಡಿದ ಕೆಲಸವನ್ನೇ ನೀವೂ ಮೊದಲು ಮಾಡಿ ಅಂತ ಹೇಳುತ್ತೇನೆ. ಆ ಅಣ್ಣ ದೇವರ ಮನೆಯಲ್ಲಿ ಇಡುವಷ್ಟು ಗೌರವಿಸುತ್ತಿದ್ದ ಆಲ್ಬಮ್ ಒಂದಿತ್ತು. ನಾರ್ವೆಯ ಮೇಹೆಮ್ ಬ್ಯಾಂಡ್‌ನ 'ಡೆ ಮಿಸ್ಟೀರಿಯಿಸ್ ಡೊಮ್ ಸಥನಾಸ್', 1994ರದ್ದು. ಅದರಲ್ಲಿ ಯಾರ್ಯಾರು ಏನೇನು ಮಾಡಿದ್ದಾರೆ ಅಂತ ಹುಡುಕಿ ಒಂದೊಂದಾಗಿ ಬರೆದೆ. ಗಿಟಾರ್ ಯೂರೊನಿಮಸ್, ಡ್ರಮ್ಸ್ ಹೆಲ್‌ಹ್ಯಾಮರ್. ಇವರಿಬ್ಬರೂ ಮೇಹೆಮ್‌ನವರೇ. ಬಾಸ್ ವರ್ಗ್ ವಿಕರ್ನೆಸ್, ಅಂದರೆ ಬುರ್ಜುಮ್‌ನವರು. ಹಾಡಿದವರು ಅಟಿಲಾ ಚಿಹಾರ್, ಹಂಗೇರಿಯ ಟಾರ್ಮೆಂಟರ್ ಬ್ಯಾಂಡ್‌ನಿಂದ ಬಂದವರು. ಥಾರ್ನ್ಸ್ ಬ್ಯಾಂಡ್‌ನ ಸ್ನೋರೆ ರೂಕ್ ಅವರ ರಿಫ್‌ಗಳೂ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ಅದರೊಳಗೆ ಸೇರಿವೆ. ಸಾಹಿತ್ಯದ ಬಹುಪಾಲು ಬರೆದ, ಮೇಹೆಮ್‌ನ ಹಿಂದಿನ ಗಾಯಕ ಡೆಡ್ 1991ರಲ್ಲೇ ತೀರಿಕೊಂಡಿದ್ದರು. ಬರೆದು ಮುಗಿಸಿ ಪುಟ ನೋಡಿದೆ. ನಾಲ್ಕು ಬ್ಯಾಂಡ್, ಎರಡು ದೇಶ. ಸೂಪರ್‌ಗ್ರೂಪ್ ಅಂತ ಯಾರೂ ಕರೆಯದ, ಎಲ್ಲಕ್ಕಿಂತ ಶುದ್ಧ ಅಂತ ಎಲ್ಲರೂ ಒಪ್ಪುವ ಆ ಆಲ್ಬಮ್ ಕೂಡ ಹತ್ತಾರು ಕೈ ಸೇರಿ ಕಟ್ಟಿದ್ದು.

ಅಲ್ಲಿಂದ ನನ್ನ ಕಿವಿ ಬದಲಾಯಿತು.

ಮರ ಬರೆಯುವುದು

ಬ್ಯಾಂಡ್‌ಗೆ ಒಂದು ಚೌಕ, ಮನುಷ್ಯನಿಗೆ ಒಂದು ವೃತ್ತ ಹಾಕಿ. ನಡುವೆ ಗೆರೆ. ಗೆರೆಯ ಮೇಲೆ ಒಂದೇ ಅಕ್ಷರ ಬರೆಯಿರಿ: ಗಿಟಾರ್‌ಗೆ ಗಿ, ಬಾಸ್‌ಗೆ ಬಾ, ಡ್ರಮ್ಸ್‌ಗೆ ಡ್ರ, ಹಾಡಿದವರಿಗೆ ಹಾ. ಪಕ್ಕದಲ್ಲಿ ವರ್ಷ ಬರೆಯೋದನ್ನು ಮರೆಯಬೇಡಿ. ವರ್ಷ ಇಲ್ಲದಿದ್ದರೆ ಈ ಮರಕ್ಕೆ ಅರ್ಥವೇ ಇರಲ್ಲ, ಯಾಕೆಂದರೆ ಇಲ್ಲಿ ಆರು ತಿಂಗಳಲ್ಲಿ ಬ್ಯಾಂಡ್ ಬದಲಾಗುತ್ತದೆ. ಯಾರು ಯಾವಾಗ ಎಲ್ಲಿದ್ದರು ಅಂತ ನೋಡಲು ಎನ್‌ಸೈಕ್ಲೊಪೀಡಿಯಾ ಮೆಟಾಲಮ್ ಇದೆ. 2002ರಿಂದ ಅಭಿಮಾನಿಗಳೇ ಒಂದೊಂದು ಇಟ್ಟಿಗೆ ಜೋಡಿಸಿದ ಹಾಗೆ ಕಟ್ಟಿದ್ದು. ಆಲ್ಬಮ್ ಕೈಲಿದ್ದರೆ ಅದರ ಒಳಪುಟದಲ್ಲಿ 'ಸಂಗೀತ ರಚನೆ' ಅಂತ ಯಾರ ಹೆಸರಿದೆ ನೋಡಿ. ಫೋಟೊದಲ್ಲಿ ಮುಂದೆ ನಿಂತವರ ಹೆಸರಿಗಿಂತ ಆ ಸಣ್ಣ ಅಕ್ಷರದ ಸಾಲು ಮುಖ್ಯ.

ಹತ್ತು ಬ್ಯಾಂಡ್ ಬರೆದ ಮೇಲೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಡ್ರ ಅನ್ನೋ ಅಕ್ಷರದ ಗೆರೆಗಳೆಲ್ಲ ಮೂರು ನಾಲ್ಕು ವೃತ್ತಗಳಿಗೇ ಹೋಗಿ ಸೇರುತ್ತವೆ. ಹೆಲ್‌ಹ್ಯಾಮರ್, ಫ್ರಾಸ್ಟ್, ಫೆನ್ರಿಜ್, ಗ್ರಿಮ್. ಆ ವೇಗದಲ್ಲಿ ತಾಳ ತಪ್ಪದೆ ನುಡಿಸುವವರು ಆಗ ನಾರ್ವೆಯಲ್ಲಿ ಹೆಚ್ಚು ಜನ ಇರಲಿಲ್ಲ. ಎಲ್ಲರಿಗೂ ಅವರೇ ಬೇಕು. ಸ್ಟುಡಿಯೊ ಕಥೆಯೂ ಹಾಗೇ. ಬರ್ಗನ್ ಊರಿನ ಗ್ರೀಗ್‌ಹಾಲನ್‌ನಲ್ಲಿ ಪಿಟ್ಟನ್ ಅಂತ ಕರೆಸಿಕೊಳ್ಳುತ್ತಿದ್ದ ಧ್ವನಿ ತಂತ್ರಜ್ಞರೊಬ್ಬರಿದ್ದರು. ಮೇಹೆಮ್, ಬುರ್ಜುಮ್, ಇಮ್ಮಾರ್ಟಲ್, ಎಂಪರರ್, ಎಲ್ಲರೂ ಅವರ ಬಾಗಿಲು ತಟ್ಟಿದವರೇ. ಆಸ್ಲೊದಲ್ಲಿ ಯೂರೊನಿಮಸ್ ನಡೆಸುತ್ತಿದ್ದ ಹೆಲ್ವೆಟೆ ಅನ್ನೋ ರೆಕಾರ್ಡ್ ಅಂಗಡಿ 1991ರಿಂದ 1993ರವರೆಗೆ ಇತ್ತು. ಅದೇ ಇವರ ಕಟ್ಟೆ. ಒಂದೇ ಬೀದಿಯ ಮನೆಗಳಲ್ಲಿ ಸಕ್ಕರೆ, ಕಾಫಿಪುಡಿ ಸಾಲ ಕೊಟ್ಟು ತಗೊಳ್ಳುವ ಹಾಗೆ ಇವರು ಕೈ ಸಾಲ ಕೊಟ್ಟು ತಗೊಂಡರು. ರಾಕ್ ಸಂಗೀತದಲ್ಲಿ ಸೂಪರ್‌ಗ್ರೂಪ್ ಅಂದರೆ ದೊಡ್ಡ ತಾರೆಗಳು ಒಟ್ಟಾಗೋದು. ಬ್ಲ್ಯಾಕ್ ಮೆಟಲ್‌ನಲ್ಲಿ ಅದು ನೆರೆಹೊರೆ.

ಮನೆ ಯಾರದು?

ಯಾವ ಸೂಪರ್‌ಗ್ರೂಪ್ ಸಿಕ್ಕಿದರೂ ನಾನು ಮೊದಲು ಕೇಳೋದು ಈ ಒಂದೇ ಪ್ರಶ್ನೆ. ಮನೆ ಯಾರದು, ನೆಂಟರು ಯಾರು? ಇಷ್ಟು ವರ್ಷ ಕೇಳಿದ ಮೇಲೆ ನನಗೆ ಖಚಿತವಾಗಿರೋದು ಇಷ್ಟು: ಚೆನ್ನಾಗಿರುವ ಬ್ಲ್ಯಾಕ್ ಮೆಟಲ್ ಸೂಪರ್‌ಗ್ರೂಪ್‌ನಲ್ಲಿ ಒಬ್ಬ ಯಜಮಾನ ಇರುತ್ತಾನೆ. ಹಾಡು ಅವನ ತಲೆಯಲ್ಲಿ ಮೊದಲೇ ಇರುತ್ತದೆ. ಉಳಿದವರು ಬಂದು ಕೈ ಜೋಡಿಸುತ್ತಾರೆ. ಎಲ್ಲರೂ ನೆಂಟರೇ ಆಗಿ ಯಜಮಾನನೇ ಇಲ್ಲದ ಮನೆಯಲ್ಲಿ ಒಲೆ ಹಚ್ಚುವವರು ಯಾರೂ ಇರಲ್ಲ.

ಅತಿಥಿಯನ್ನೂ ಸೂಪರ್‌ಗ್ರೂಪನ್ನೂ ಗೊಂದಲ ಮಾಡಿಕೊಳ್ಳಬೇಡಿ. ಸಟೀರಿಕನ್‌ನ 1996ರ 'ನೆಮೆಸಿಸ್ ಡಿವೀನಾ'ದಲ್ಲಿ ಡಾರ್ಕ್‌ಥ್ರೋನ್‌ನ ನೊಕ್ಟುರ್ನೊ ಕುಲ್ಟೊ ಕ್ವೆಲ್ಡುಲ್ವ್ ಅನ್ನೋ ಹೆಸರಲ್ಲಿ ಗಿಟಾರ್ ನುಡಿಸಿದ್ದಾರೆ. ಅದು ಅತಿಥಿ. ಫೆನ್ರಿಜ್ ಒಬ್ಬರೇ ಮಾಡಿದ ಇಸೆನ್‌ಗಾರ್ಡ್ ಅವರ ಸ್ವಂತದ ಕೋಣೆ, ಅಷ್ಟೇ. ಹಲವು ಬ್ಯಾಂಡ್‌ನವರು ಸೇರಿ ಹೊಸ ಹೆಸರಿಟ್ಟು ಹೊಸ ಮನೆ ಕಟ್ಟಿದರೆ ಮಾತ್ರ ಸೂಪರ್‌ಗ್ರೂಪ್.

ಬೋರ್ಕ್‌ನಗರ್ ಬಗ್ಗೆ ಆ ಅಣ್ಣ ಹೇಳಿದ್ದರಲ್ಲಿ ಅರ್ಧ ಸತ್ಯ ಇತ್ತು. 1996ರ ಮೊದಲ ಆಲ್ಬಮ್‌ನ ಹೆಸರುಗಳನ್ನು ನೋಡಿ. ಹಾಡಿದ್ದು ಉಲ್ವರ್‌ನ ಗಾರ್ಮ್. ಬಾಸ್ ಗೊರ್ಗೊರೋತ್‌ನ ಇನ್ಫರ್ನಸ್. ಕೀಬೋರ್ಡ್ ಎನ್‌ಸ್ಲೇವ್ಡ್‌ನ ಇವಾರ್ ಬ್ಯೋರ್ನ್‌ಸನ್. ಡ್ರಮ್ಸ್‌ಗೆ ಇಮ್ಮಾರ್ಟಲ್, ಗೊರ್ಗೊರೋತ್ ಎರಡರಲ್ಲೂ ಇದ್ದ ಗ್ರಿಮ್. ಈ ಹೆಸರುಗಳ ಬಲದಿಂದಲೇ ಒಂದು ಡೆಮೊ ಕೂಡ ಇಲ್ಲದೆ ಅವರಿಗೆ ಲೇಬಲ್ (ರೆಕಾರ್ಡ್ ಕಂಪನಿ) ಸಿಕ್ಕಿತು. ಆದರೆ ಇವರಲ್ಲಿ ಯಾರೂ ಯಜಮಾನ ಅಲ್ಲ. ಮನೆ ಐದನೆಯವರದು, ಗಿಟಾರಿಸ್ಟ್ ಓಯ್‌ಸ್ಟೀನ್ ಬ್ರೂನ್ ಅವರದು. ಅದಕ್ಕೂ ಮೊದಲು ಮೊಲೆಸ್ಟೆಡ್ ಅನ್ನೋ ಡೆತ್ ಮೆಟಲ್ (ಮೆಟಲ್‌ನ ಇನ್ನೊಂದು ಕವಲು) ಬ್ಯಾಂಡ್‌ನಲ್ಲಿದ್ದವರು. ಗಾರ್ಮ್ ಹೋದರು, ವೋರ್ಟೆಕ್ಸ್ ಬಂದರು, ಅವರೂ ಹೋದರು, ವಿಂಟರ್‌ಸಾರ್ಗ್ ಬಂದರು. ಗ್ರಿಮ್ 1999ರಲ್ಲಿ ತೀರಿಕೊಂಡರು. ಬ್ರೂನ್ ಮಾತ್ರ ಅಲ್ಲೇ ಇದ್ದರು. 2019ರಲ್ಲಿ 'ಟ್ರೂ ನಾರ್ತ್', 2024ರಲ್ಲಿ 'ಫಾಲ್' ಬಂತು. ಹೆಸರು ಮಾರಿಕೊಳ್ಳಲು ಮಾಡಿದ್ದಾಗಿದ್ದರೆ ಆ ಹೆಸರುಗಳು ಬಿಟ್ಟು ಹೋದ ದಿನವೇ ಬಾಗಿಲು ಹಾಕಿರುತ್ತಿತ್ತು, ಅಲ್ವಾ?

ಇದೇ ಕಣ್ಣಿಂದ ಆರ್ಕ್ಟೂರಸ್ ನೋಡಿ. 1996ರ 'ಅಸ್ಪೇರಾ ಹಿಯೆಮ್ಸ್ ಸಿಂಫೋನಿಯಾ'. ಗಾರ್ಮ್ ಹಾಡುತ್ತಾರೆ, ಹೆಲ್‌ಹ್ಯಾಮರ್ ಡ್ರಮ್ಸ್. ಎಲ್ಲರ ಬಾಯಲ್ಲೂ ಇವರಿಬ್ಬರ ಹೆಸರೇ. ಆದರೆ ಮನೆ ಕೀಬೋರ್ಡ್ ನುಡಿಸುವ ಸ್ವೆರ್ಡ್ ಅವರದು. ಕೀಬೋರ್ಡನ್ನು ಮನಸ್ಸಿನಲ್ಲೇ ತೆಗೆದುಹಾಕಿ ಕೇಳಲು ನೋಡಿ. ಗೋಡೆಯೇ ನಿಲ್ಲೋದಿಲ್ಲ.

ಥಾರ್ನ್ಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1991ರಲ್ಲಿ ಸ್ನೋರೆ ರೂಕ್ 'ಗ್ರಿಮಿರ್ಕ್' ಅನ್ನೋ ಟೇಪ್ ಮಾಡಿದರು. ಅದರಲ್ಲಿ ಗಿಟಾರ್, ಬಾಸ್ ಎರಡೇ. ಡ್ರಮ್ಸ್ ಇಲ್ಲ, ಹಾಡುವವರಿಲ್ಲ. ಕೇಳಿದಾಗ ಏನಾಗುತ್ತದೆ ಅಂತ ಹೇಳುತ್ತೇನೆ. ಸಾಮಾನ್ಯ ಮೆಟಲ್ ಗಿಟಾರ್ ತಂತಿಯನ್ನು ಅಂಗೈಯಿಂದ ಒತ್ತಿ ಹಿಡಿದು ಗುದ್ದಿದ ಹಾಗೆ ಕೇಳುತ್ತದೆ. ಸ್ನೋರೆ ಹಾಗೆ ಮಾಡೋದಿಲ್ಲ. ಒಂದಕ್ಕೊಂದು ಒಗ್ಗದ ಸ್ವರಗಳನ್ನು ಒಟ್ಟಿಗೆ ಹಿಡಿದು, ತಂತಿಗಳನ್ನು ಪೂರ್ತಿ ಬಿಟ್ಟು, ಬಿಡುವಿಲ್ಲದೆ ಮೀಟುತ್ತಾರೆ. ಸ್ವರ ನಿಲ್ಲೋದಿಲ್ಲ. ಒಂದರ ಮೇಲೊಂದು ಹರಡಿಕೊಂಡು, ನಡುವೆ ಮೂರನೆಯದೊಂದು ಗುಂಯ್ ಅನ್ನೋ ಸದ್ದು ಹುಟ್ಟುತ್ತದೆ. ಅದನ್ನು ಯಾರೂ ನುಡಿಸುತ್ತಿಲ್ಲ. ಆ ಸದ್ದೇ ಆಮೇಲೆ ನಾರ್ವೆಯ ಬ್ಲ್ಯಾಕ್ ಮೆಟಲ್‌ನ ಗುರುತಾಯಿತು. ಯೂರೊನಿಮಸ್ ಕೊಲೆಯಲ್ಲಿ ಜೊತೆಗಿದ್ದ ತಪ್ಪಿಗೆ ಸ್ನೋರೆಗೆ 1994ರಲ್ಲಿ 8 ವರ್ಷ ಶಿಕ್ಷೆ ಆಯಿತು. ಹೊರಗೆ ಬಂದ ಮೇಲೆ 2001ರಲ್ಲಿ 'ಥಾರ್ನ್ಸ್' ಆಲ್ಬಮ್ ಬಂತು. ಹಾಡಿದ್ದು ಸಟೀರಿಕನ್‌ನ ಸಾಟಿರ್ ಮತ್ತು ಡೋಡ್‌ಹೈಮ್ಸ್‌ಗಾರ್ಡ್‌ನ ಆಲ್ಡ್ರಾನ್, ಡ್ರಮ್ಸ್ ಹೆಲ್‌ಹ್ಯಾಮರ್. ಹತ್ತು ವರ್ಷ ಹಳೆಯ ಅದೇ ಗುಂಯ್ ಸದ್ದಿಗೆ ಈಗ ಯಂತ್ರದಂಥ ತಾಳ ಸೇರಿದೆ. ನೆಂಟರು ಎಷ್ಟೇ ದೊಡ್ಡವರಾದರೂ ಮನೆಯ ವಾಸನೆ ಬದಲಾಗಿಲ್ಲ. ನನ್ನನ್ನು ಕೇಳಿದರೆ ಬ್ಲ್ಯಾಕ್ ಮೆಟಲ್ ಸೂಪರ್‌ಗ್ರೂಪ್‌ಗಳಲ್ಲಿ ಇದಕ್ಕಿಂತ ಎತ್ತರದ್ದು ಇಲ್ಲ.

2006ರ 'ಬಿಟ್ವೀನ್ ಟು ವರ್ಲ್ಡ್ಸ್' ಮಾಡಿದ ಬ್ಯಾಂಡ್ ಹೆಸರು ಬರೀ 'ಐ'. ಇಮ್ಮಾರ್ಟಲ್‌ನ ಅಬಾತ್, ಅದೇ ಬ್ಯಾಂಡ್‌ನ ಮೊದಲ ಡ್ರಮ್ಮರ್ ಆರ್ಮಗೆಡ್ಡಾ, ಗೊರ್ಗೊರೋತ್‌ನಿಂದ ಕಿಂಗ್, ಎನ್‌ಸ್ಲೇವ್ಡ್‌ನಿಂದ ಐಸ್ ಡೇಲ್. ಸಾಹಿತ್ಯ ಡೆಮೊನಾಜ್ ಅವರದು. ಅವರು ಇಮ್ಮಾರ್ಟಲ್‌ನ ಗಿಟಾರಿಸ್ಟ್ ಆಗಿದ್ದವರು. 1997ರಲ್ಲಿ ಕೈಯ ಸ್ನಾಯುರಜ್ಜು ನೋವಿನಿಂದ ಆ ವೇಗದಲ್ಲಿ ನುಡಿಸಲು ಆಗದೆ ಗಿಟಾರ್ ಕೆಳಗಿಟ್ಟರು. ಬರೆಯೋದನ್ನು ಮಾತ್ರ ಬಿಡಲಿಲ್ಲ. ವೇಗ ಕಡಿಮೆಯಾದ, ಹೆಜ್ಜೆ ಹಾಕಿಕೊಂಡು ನಡೆಯುವಂಥ ಆ ಹಾಡುಗಳನ್ನು ಕೇಳುವಾಗ ಈ ವಿಷಯ ನೆನಪಿರಲಿ. ಸ್ವೀಡನ್‌ನ ಬಾತೊರಿ ಬ್ಯಾಂಡ್‌ನ ನೆರಳು ಪೂರ್ತಿ ಆಲ್ಬಮ್ ಮೇಲೆ ಬಿದ್ದಿದೆ. ಬಾತೊರಿಯ ಕ್ವೊರ್ಥೋನ್ ತೀರಿಕೊಂಡದ್ದು 2004ರಲ್ಲಿ. ಕೇಳುವಾಗ ನನಗೆ ಇದು ಗೆಳೆಯರು ಸೇರಿ ಹಿರಿಯರೊಬ್ಬರಿಗೆ ಮಾಡಿದ ನಮಸ್ಕಾರ ಅನ್ನಿಸುತ್ತದೆ.

ಅಮೆರಿಕದ ಟ್ವೈಲೈಟ್ ನನ್ನ ಮಾತಿಗೆ ಅಪವಾದ. 2005ರ ಮೊದಲ ಆಲ್ಬಮ್‌ನಲ್ಲಿ ಸಾಸ್ತುರ್‌ನ ಮಲೆಫಿಕ್, ಲೆವಿಯಾಥನ್‌ನ ರೆಸ್ಟ್, ಕ್ರೀಗ್‌ನ ಇಂಪೀರಿಯಲ್ ಎಲ್ಲ ಇದ್ದರು. ಸಾಸ್ತುರ್, ಲೆವಿಯಾಥನ್ ಎರಡೂ ಒಬ್ಬೊಬ್ಬರೇ ಕೂತು ಎಲ್ಲವನ್ನೂ ನುಡಿಸುವ ಬ್ಯಾಂಡ್‌ಗಳು. ಒಂಟಿಯಾಗಿ ಇರಲು ಇಷ್ಟಪಡುವವರೇ ಒಂದು ಕಡೆ ಸೇರಿದ್ದು. ಅಲ್ಲಿ ಯಜಮಾನ ಯಾರು ಅಂತ ನನಗೆ ಇವತ್ತಿಗೂ ಕೇಳಿಸಿಲ್ಲ. ಮಂಜಿನಲ್ಲಿ ನಾಲ್ಕೈದು ಜನ ಬೆನ್ನು ತಿರುಗಿಸಿ ನಿಂತ ಹಾಗಿದೆ ಆ ಸಂಗೀತ. ಆದರೂ ಹಿಡಿಸುತ್ತದೆ. 2014ರ ಮೂರನೇ ಆಲ್ಬಮ್ ಹೊತ್ತಿಗೆ ಸೋನಿಕ್ ಯೂತ್‌ನ ಥರ್ಸ್ಟನ್ ಮೂರ್ ಕೂಡ ಅಲ್ಲಿಗೆ ಬಂದಿದ್ದರು. ಅದಕ್ಕೆ ಬೈದವರು ಬಹಳ. ಅವರಲ್ಲಿ ಎಷ್ಟು ಜನ ಕೇಳಿ ಬೈದರೋ.

ಸಾಟಿರ್, ಫೆನ್ರಿಜ್ ಮತ್ತು ಗಾಯಕಿ ಕಾರಿ ರೂಸ್ಲೋಟನ್ ಸೇರಿ ಮಾಡಿದ ಸ್ಟಾರ್ಮ್‌ನ 'ನೂರ್ದಾವಿಂದ್' (1995) ಇದೆ. ನಾರ್ವೆಯ ಜಾನಪದ ಹಾಡುಗಳ ಗುಂಗು. ಚಿಕ್ಕ ಆಲ್ಬಮ್, ಹೊಸಬರಿಗೆ ಒಳ್ಳೆಯ ಬಾಗಿಲು. ಡಿಮ್ಮು ಬೋರ್ಗಿರ್ ಬ್ಯಾಂಡ್‌ನ ಶಾಗ್ರಾತ್ ಮತ್ತು ಕಿಂಗ್ ಸೇರಿದ ಓವ್ ಹೆಲ್ (2010) ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಮೂರು ಸಲ ಕೇಳಿ

ಮೊದಲನೇ ಸಲ ಹೆಸರು ನೋಡದೆ ಕೇಳಿ. ನೋಟ್‌ಬುಕ್ ಮುಚ್ಚಿಡಿ. ಇದು ಕಷ್ಟ, ಯಾಕೆಂದರೆ ಸೂಪರ್‌ಗ್ರೂಪ್ ನಮ್ಮ ಕೈಗೆ ಬರೋದೇ ಹೆಸರುಗಳ ಜೊತೆ. ಆದರೂ ನಲವತ್ತು ನಿಮಿಷ ಅದನ್ನೆಲ್ಲ ಪಕ್ಕಕ್ಕಿಡಿ. ಯಾವ ಹಾಡು ಮುಗಿದ ಮೇಲೂ ತಲೆಯಲ್ಲಿ ಉಳಿಯಿತೋ ಅದರ ಮುಂದೆ ಒಂದು ಚುಕ್ಕೆ ಹಾಕಿ.

ಎರಡನೇ ಸಲ ಒಬ್ಬರ ಕೈ ಮಾತ್ರ ಹಿಡಿದು ಹೋಗಿ. ಹೆಲ್‌ಹ್ಯಾಮರ್ ಇದಕ್ಕೆ ಹೇಳಿ ಮಾಡಿಸಿದವರು. ಮೊದಲು ಮೇಹೆಮ್‌ನ 'ಫ್ರೀಜಿಂಗ್ ಮೂನ್' ಹಾಕಿ. ಗಿಟಾರ್ ನಿಧಾನಕ್ಕೆ ಶುರುವಾಗುತ್ತದೆ, ಡ್ರಮ್ಸ್ ದೊಡ್ಡ ಹಾಲ್‌ನ ಪ್ರತಿಧ್ವನಿಯ ಜೊತೆ ಬರುತ್ತದೆ. ಗಿಟಾರ್ ಮರೆತುಬಿಡಿ. ಸಿಂಬಲ್ ಎಲ್ಲಿ ಬೀಳುತ್ತಿದೆ, ಎರಡು ಸಾಲಿನ ನಡುವಿನ ತಿರುವಿನಲ್ಲಿ ಕೈ ಏನು ಮಾಡುತ್ತಿದೆ, ಅಷ್ಟೇ ಕೇಳಿ. ತಕ್ಷಣ ಆರ್ಕ್ಟೂರಸ್ ಹಾಕಿ. ಅದೇ ಮನುಷ್ಯ, ಆದರೆ ಇಲ್ಲಿ ಕೀಬೋರ್ಡ್‌ಗೆ ಜಾಗ ಬಿಟ್ಟು ನುಡಿಸುತ್ತಿದ್ದಾರೆ. ಆಮೇಲೆ ಥಾರ್ನ್ಸ್‌ನ 'ಎಕ್ಸಿಸ್ಟೆನ್ಸ್'. ಇಲ್ಲಿ ಅಲಂಕಾರ ಎಲ್ಲ ಬಿಟ್ಟು ತಣ್ಣಗೆ, ಗಟ್ಟಿಯಾಗಿ ಹೊಡೆಯುತ್ತಾರೆ. ಮೂರು ಮನೆಗೆ ಹೋಗಿ ಮೂರು ಥರ ಕೂತು ಊಟ ಮಾಡಿದ ಒಬ್ಬ ನೆಂಟ. ಇದು ಕಿವಿಗೆ ಬಿದ್ದ ದಿನ ನಿಮಗೆ ಸೂಪರ್‌ಗ್ರೂಪ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಮೂರನೇ ಸಲ ನೋಟ್‌ಬುಕ್ ತೆರೆದು ಕೇಳಿ. ಚುಕ್ಕೆ ಹಾಕಿದ ಹಾಡು ಯಾರು ಬರೆದದ್ದು ನೋಡಿ. ಹೆಚ್ಚಿನ ಸಲ ಯಜಮಾನ ಸಿಗುತ್ತಾನೆ.

ಪರೀಕ್ಷೆ ತಗೊಳ್ಳುವವರು ಸಿಕ್ಕಾಗ

ಟ್ರೂ (ಅಸಲಿ), ಕಲ್ಟ್ (ಕೆಲವರಷ್ಟೇ ಬಲ್ಲ, ಪೂಜಿಸುವಂಥದ್ದು), ಪೋಸರ್ (ವೇಷಧಾರಿ). ಈ ಮೂರು ಪದ ಕಿವಿಗೆ ಬೀಳದೆ ಬ್ಲ್ಯಾಕ್ ಮೆಟಲ್ ಕೇಳಿದವರಿಲ್ಲ. ಈ ಮಡಿ ಎಲ್ಲಿಂದ ಬಂತು ಅಂತ ತಿಳಿದಿದ್ದರೆ ಎದುರಿಸೋದು ಸುಲಭ. 90ರ ದಶಕದ ಶುರುವಿನಲ್ಲಿ ಡೆತ್ ಮೆಟಲ್ ಜನಪ್ರಿಯವಾಗುತ್ತಿತ್ತು. ಟ್ರ್ಯಾಕ್‌ಸೂಟ್ ಹಾಕಿಕೊಂಡು ಸ್ಟೇಜ್ ಹತ್ತುವವರನ್ನು ಕಂಡರೆ ಯೂರೊನಿಮಸ್‌ಗೆ ಆಗುತ್ತಿರಲಿಲ್ಲ. ಇದು ಎಲ್ಲರಿಗೂ ಅಲ್ಲ, ಇದು ಭಯ ಹುಟ್ಟಿಸಬೇಕು ಅನ್ನೋದು ಅವರ ಹಟ. ಟೇಪ್‌ಗಳು ಅಂಚೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುತ್ತಿದ್ದ ಕಾಲ. ಒಂದು ಡೆಮೊ ಕೇಳಬೇಕಾದರೆ ಪತ್ರ ಬರೆದು ವಾರಗಟ್ಟಲೆ ಕಾಯಬೇಕು. ಅಷ್ಟು ಕಷ್ಟಪಟ್ಟು ಸಿಕ್ಕಿದ್ದರ ಮೇಲೆ ಜಂಬ ಬರೋದು ಸಹಜ.

ಆದರೆ ಆ ಹಿರಿಯರ ದಾಖಲೆಯನ್ನೇ ಪೆನ್ಸಿಲ್ ಹಿಡಿದು ನೋಡಿ. ಡಾರ್ಕ್‌ಥ್ರೋನ್‌ನ ಮೊದಲ ಆಲ್ಬಮ್, 1991ರ 'ಸೋಲ್‌ಸೈಡ್ ಜರ್ನಿ', ಅಪ್ಪಟ ಡೆತ್ ಮೆಟಲ್. ಮುಂದಿನ ವರ್ಷ 'ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ' ತಂದಾಗ ಅವರು ಬ್ಲ್ಯಾಕ್ ಮೆಟಲ್‌ಗೆ ಹೊಸಬರೇ. ಇವತ್ತಿನ ಮಡಿವಂತರ ಅಳತೆಗೋಲು ಅವತ್ತಿದ್ದರೆ ಅವರನ್ನೂ ಪೋಸರ್ ಅಂತ ಹೊರಗೆ ನಿಲ್ಲಿಸುತ್ತಿದ್ದರು. ಮೇಹೆಮ್‌ನ 1987ರ 'ಡೆತ್‌ಕ್ರಶ್' ಮೊದಲ ಸಲ 1000 ಪ್ರತಿ ಬಂತು, ಪೋಸರ್‌ಕಾರ್ಪ್ಸ್ ಅನ್ನೋ ಸ್ವಂತ ಲೇಬಲ್‌ನಲ್ಲಿ. ಪೋಸರ್‌ಗಳ ಮೇಲಿನ ಸಿಟ್ಟು ಲೇಬಲ್ ಹೆಸರಲ್ಲೇ ಇದೆ. ಆ ರೆಕಾರ್ಡ್ ಶುರುವಾಗೋದು ಯಾರ ಸಂಗೀತದಿಂದ? ಕೊನ್ರಾಡ್ ಶ್ನಿಟ್ಸ್‌ಲರ್ ಅವರದು. ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತಗಾರ, ಟ್ಯಾಂಜರೀನ್ ಡ್ರೀಮ್‌ನ ಮೊದಲ ಆಲ್ಬಮ್‌ನಲ್ಲಿ ಇದ್ದವರು. ಯೂರೊನಿಮಸ್ ತಾವೇ ಅವರನ್ನು ಹುಡುಕಿಕೊಂಡು ಹೋಗಿ ಕೇಳಿ ತಂದದ್ದು. ಹೊರಗಿನದು ಸೇರದ ಬ್ಲ್ಯಾಕ್ ಮೆಟಲ್ ಯಾವತ್ತೂ ಇರಲಿಲ್ಲ.

ಇದನ್ನೆಲ್ಲ ಎದುರಿನವರ ಬಾಯಿ ಮುಚ್ಚಿಸಲು ಬಳಸಬೇಡಿ. ಹಾಗೆ ಮಾಡಿದರೆ ನೀವೂ ಪರೀಕ್ಷೆ ತಗೊಳ್ಳುವವರೇ ಆದಿರಿ. ನನಗೆ ಫಲ ಕೊಟ್ಟ ದಾರಿ ಬೇರೆ. ಆ ಅಣ್ಣ ಇನ್ನೊಮ್ಮೆ ಸಿಕ್ಕಾಗ ನಾನು ವಾದ ಮಾಡಲಿಲ್ಲ. "ಅಣ್ಣಾ, ನಂಗೆ ಎರಡೇ ಡೆಮೊ ಗೊತ್ತಿರೋದು. ಮೂರನೇದು ಯಾವುದು ಕೇಳಲಿ, ನೀವೇ ಹೇಳಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನೆ ನನ್ನನ್ನೇ ನೋಡಿದರು. ಮುಂದಿನ ವಾರ ಒಂದು ಸಿ-90 ಕ್ಯಾಸೆಟ್ ತಂದುಕೊಟ್ಟರು. ಎ ಬದಿಯಲ್ಲಿ 'ಗ್ರಿಮಿರ್ಕ್'. ಬಿ ಬದಿಯಲ್ಲಿ ಫ್ರಾನ್ಸ್‌ನ ವ್ಲಾಡ್ ಟೆಪೆಸ್. ಒಳಗಿನ ಕಾರ್ಡ್ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಪ್ರತಿ ಹಾಡಿನ ಹೆಸರು, ಅದರ ಕೆಳಗೆ ಒಂದು ಸಾಲು: "ರಾತ್ರಿ ಕೇಳು. ಸೌಂಡ್ ಕಡಿಮೆ ಇಟ್ಟು ಕೇಳು." ಇಷ್ಟು ದಿನ ಬಾಗಿಲು ಕಾಯುತ್ತಿದ್ದವರಿಗೆ ಯಾರಾದರೂ ಒಳಗೇನಿದೆ ಅಂತ ಕೇಳಲಿ ಅನ್ನೋ ಆಸೆ ಇತ್ತು ಅಂತ ಆಗ ಗೊತ್ತಾಯಿತು. ಎಲ್ಲರೂ ಹೀಗೆ ಕರಗುತ್ತಾರೆ ಅಂತಲ್ಲ. ಮೂರನೇ ಸಲವೂ ಹೀಯಾಳಿಸಿದರೆ ಅವರ ಸಹವಾಸ ಬಿಡಿ. ಸಂಗೀತ ಅವರ ಮನೆ ಆಸ್ತಿ ಅಲ್ಲ.

ನಾನೂ ಆ ಕಡೆ ನಿಂತದ್ದಿದೆ. ಇದನ್ನು ಬರೆಯಲು ಕಷ್ಟ, ಆದರೂ ಬರೆಯಬೇಕು. ಒಂದು ಸಂಗೀತ ಕಾರ್ಯಕ್ರಮದಲ್ಲಿ ಇಪ್ಪತ್ತು ದಾಟಿರದ ಹುಡುಗಿಯೊಬ್ಬಳು ಮಿರ್ಕುರ್ ಟೀಶರ್ಟ್ ಹಾಕಿ ನಿಂತಿದ್ದಳು. ಮಿರ್ಕುರ್ ಅಂದರೆ ಡೆನ್ಮಾರ್ಕ್‌ನ ಅಮಾಲಿ ಬ್ರೂನ್. "ಅದಕ್ಕಿಂತ ಮೊದಲಿನದ್ದು ಏನಾದರೂ ಕೇಳಿದ್ದೀಯಾ?" ಅಂತ ಕೇಳಿದೆ. ಕೇಳಿದ ದನಿ ನನ್ನದಾಗಿರಲಿಲ್ಲ, ಆ ಅಣ್ಣನ ಹಳೇ ದನಿ. ಅವಳು ಉತ್ತರ ಕೊಡಲಿಲ್ಲ. ಜಾಕೆಟ್ ಜಿಪ್ ಕುತ್ತಿಗೆಯವರೆಗೆ ಎಳೆದುಕೊಂಡಳು. ಟೀಶರ್ಟ್ ಮುಚ್ಚಿಹೋಯಿತು. ಮನೆಗೆ ಬಂದು ಮಿರ್ಕುರ್ ಅವರ 2015ರ 'ಎಂ' ಆಲ್ಬಮ್‌ನ ವಿವರ ಬರೆದೆ. ನಿರ್ಮಾಣ ಉಲ್ವರ್‌ನ ಗಾರ್ಮ್. ಗಿಟಾರ್ ಮೇಹೆಮ್‌ನ ಟೆಲೋಕ್. ನಾನು ಪೂಜಿಸುತ್ತಿದ್ದ ಅದೇ ವೃತ್ತಗಳಿಂದ ಹೊರಟ ಗೆರೆಗಳು. ಗಾರ್ಮ್ ಬೋರ್ಕ್‌ನಗರ್‌ನಲ್ಲಿ ಹಾಡಿದರೆ ಸರಿ, ಒಬ್ಬ ಹೆಂಗಸಿನ ಆಲ್ಬಮ್ ಮಾಡಿಕೊಟ್ಟರೆ ಅದು ನಕಲಿ. ಬ್ರೂನ್ ಅವರಿಗೆ ಕೊಲೆ ಬೆದರಿಕೆಗಳೂ ಬಂದಿದ್ದವು. ಹಾಗೆ ಬರೆದವರು ನನ್ನ ಥರವೇ ಒಂದು ಪ್ರಶ್ನೆಯಿಂದ ಶುರು ಮಾಡಿದವರು ಇರಬೇಕು. ಈಗ ನನಗೆ ಒಂದು ನಿಯಮ ಇದೆ. ಯಾರಾದರೂ ಒಂದು ಬ್ಯಾಂಡ್ ಇಷ್ಟ ಅಂದರೆ ನಾನು ಕೇಳುವ ಮೊದಲ ಪ್ರಶ್ನೆ "ಯಾವ ಹಾಡು?" ಬೇರೇನೂ ಅಲ್ಲ. ನೀವೂ ಅದನ್ನೇ ಇಟ್ಟುಕೊಳ್ಳಿ.

ಇದು ಮಡಿವಂತಿಕೆ ಅಲ್ಲ

ಒಂದು ವಿಷಯದಲ್ಲಿ ಮಾತ್ರ ನೀವು ಕಟ್ಟುನಿಟ್ಟಾಗಿರಿ. ಈ ಮರದಲ್ಲಿ ರಕ್ತ ಇದೆ. 1993ರ ಆಗಸ್ಟ್‌ನಲ್ಲಿ ಯೂರೊನಿಮಸ್ ಅವರನ್ನು ಕೊಂದದ್ದು ವಿಕರ್ನೆಸ್. ಸತ್ತವನ ಗಿಟಾರ್, ಕೊಂದವನ ಬಾಸ್ ಒಂದೇ ಆಲ್ಬಮ್‌ನಲ್ಲಿವೆ. ಎಂಪರರ್‌ನ ಡ್ರಮ್ಮರ್ ಫೌಸ್ಟ್ 1992ರಲ್ಲಿ ಲಿಲೆಹಾಮರ್‌ನಲ್ಲಿ ಒಬ್ಬ ಸಲಿಂಗಕಾಮಿಯನ್ನು ಕೊಂದರು. ಚರ್ಚ್‌ಗಳಿಗೆ ಬೆಂಕಿ ಬಿತ್ತು. ಕೆಲವು ಬ್ಯಾಂಡ್‌ಗಳಲ್ಲಿ ಜನಾಂಗ ದ್ವೇಷ ಇತ್ತು, ಈಗಲೂ ಇದೆ. ಎಂಪರರ್, ಸಟೀರಿಕನ್, ಡೋಡ್‌ಹೈಮ್ಸ್‌ಗಾರ್ಡ್ ಬ್ಯಾಂಡ್‌ನವರು ಸೇರಿ 1995ರಲ್ಲಿ ಮಾಡಿದ ಒಂದು ಸೂಪರ್‌ಗ್ರೂಪ್‌ನ ಹೆಸರು ಜೈಕ್ಲೋನ್-ಬಿ. ಅದು ನಾಜಿಗಳು ಸಾವಿನ ಕ್ಯಾಂಪ್‌ಗಳಲ್ಲಿ ಜನರನ್ನು ಕೊಲ್ಲಲು ಬಳಸಿದ ವಿಷಾನಿಲದ ಹೆಸರು. ಆ ರೆಕಾರ್ಡ್ ನನ್ನ ಹತ್ತಿರ ಇಲ್ಲ, ಬೇಕಾಗಿಯೂ ಇಲ್ಲ. ಇಂಥದ್ದನ್ನು ಬೇಡ ಅಂದರೆ ಕೆಲವರು "ಸಂಗೀತವನ್ನಷ್ಟೇ ಕೇಳಬೇಕಪ್ಪಾ" ಅಂತ ಬುದ್ಧಿ ಹೇಳುತ್ತಾರೆ. ಐದು ಡೆಮೊ ಹೆಸರು ಕೇಳುವಾಗ ಆ ಮಾತು ಅವರಿಗೆ ನೆನಪಾಗಲ್ಲ. ಯಾರಿಗೆ ದುಡ್ಡು ಕೊಡುತ್ತೇನೆ, ಯಾರ ಹೆಸರನ್ನು ಎದೆ ಮೇಲೆ ಹಾಕಿಕೊಳ್ಳುತ್ತೇನೆ ಅಂತ ನೋಡೋದು ನಿಮ್ಮ ಹಕ್ಕು. ನನ್ನ ನೋಟ್‌ಬುಕ್‌ನಲ್ಲಿ ಇಂಥ ವೃತ್ತಗಳನ್ನು ಅಳಿಸಿಲ್ಲ, ಇತಿಹಾಸ ಅಳಿಸೋಕೆ ಆಗಲ್ಲ. ಸುತ್ತ ಎರಡನೇ ವೃತ್ತ ಎಳೆದಿದ್ದೇನೆ. ಕೊಳ್ಳುವ ಮೊದಲು ನಿಂತು ಯೋಚಿಸು ಅಂತ ಅದರ ಅರ್ಥ.

ಇವತ್ತೇ ಶುರು ಮಾಡುವುದಾದರೆ

ಮೊದಲು ಸ್ಟಾರ್ಮ್ ಕೇಳಿ. ನಾಳೆ ಬೋರ್ಕ್‌ನಗರ್‌ನ ಮೊದಲ ಆಲ್ಬಮ್, ಅದಾದ ಮೇಲೆ 'ಐ'. ಒಂದು ವಾರ ಬಿಟ್ಟು ಆರ್ಕ್ಟೂರಸ್. ಥಾರ್ನ್ಸ್ ಕೊನೆಗಿರಲಿ, ಅದಕ್ಕೆ ಕಿವಿ ಸ್ವಲ್ಪ ಹದವಾಗಿರಬೇಕು. ಅದನ್ನು ಕೇಳುವ ಹಿಂದಿನ ರಾತ್ರಿ 'ಗ್ರಿಮಿರ್ಕ್' ಹಾಕಿಕೊಳ್ಳಿ. ಡ್ರಮ್ಸ್ ಇಲ್ಲದ ಜಾಗದಲ್ಲಿ ನಿಮ್ಮ ಬೆರಳು ತಾನಾಗಿ ಮೇಜಿನ ಮೇಲೆ ತಾಳ ಹಾಕುತ್ತದೆ. ಆ ತಾಳ ನೆನಪಿಟ್ಟುಕೊಳ್ಳಿ. ಮರುದಿನ ಅದೇ ಜಾಗದಲ್ಲಿ ಹೆಲ್‌ಹ್ಯಾಮರ್ ಏನು ಮಾಡಿದ್ದಾರೆ ಅಂತ ಕೇಳಿ ನೋಡಿ. ಸೌಂಡ್ ಕಡಿಮೆ ಇಟ್ಟು.